ಬಾಗಿಲು ನೀರಿನ ಕಡೆಗಿದೆ: ಕೊಚ್ಚಿಯಲ್ಲಿ ಒಂದು ದೋಣಿ ಸುತ್ತಾಟ

ಕೊಚ್ಚಿಗೆ ನಾನು ಹೋಗಿದ್ದು ಇದು ಮೂರನೇ ಸಲ. ಹಿಂದಿನ ಎರಡು ಸಲವೂ ರಸ್ತೆಯಲ್ಲೇ ಸುತ್ತಿದ್ದೆ. ಆಟೋ ಹಿಡಿದು ಮಟ್ಟಾಂಚೇರಿ, ಅಲ್ಲಿಂದ ನಡೆದು ಫೋರ್ಟ್ ಕೊಚ್ಚಿ, ಸಂಜೆ ಚೀನಾ ಬಲೆಗಳ ಹತ್ತಿರ ನಿಂತು ಒಂದಿಷ್ಟು ಫೋಟೊ. ಊರು ತುಂಬಾ ಹಿಡಿಸಿತ್ತು. ಆದರೆ ಒಂದು ಪ್ರಶ್ನೆ ಉಳಿದೇ ಇತ್ತು. ಮಟ್ಟಾಂಚೇರಿಯ ಬಜಾರ್ ರಸ್ತೆ ಯಾಕೆ ಅಷ್ಟು ಇಕ್ಕಟ್ಟು? ಇಷ್ಟು ದೊಡ್ಡ ವ್ಯಾಪಾರ ನಡೆದ ಊರಿನಲ್ಲಿ ಎರಡು ಗಾಡಿ ಎದುರುಬದುರು ಬಂದರೆ ನಿಲ್ಲಬೇಕು, ಅಂಥ ದಾರಿ.

ಈ ಸಲ ನವೆಂಬರಿನಲ್ಲಿ ಸೋದರತ್ತೆಯ ಜೊತೆ ಹೋಗಿದ್ದೆ. ದೋಣಿಯಲ್ಲಿ ಕೂತ ಮೇಲೆ ಉತ್ತರ ಸಿಕ್ಕಿತು.

ಎರ್ನಾಕುಲಂನ ಮರೀನ್ ಡ್ರೈವಿನಲ್ಲಿ ನೂರು ಜನ ಹಿಡಿಸುವ ಎರಡು ಮಹಡಿಯ ದೋಣಿಗಳೂ ಇವೆ. ಹಾಡು, ಡ್ಯಾನ್ಸು, ಎಲ್ಲ ಇರುತ್ತದೆ. ನಾವು ಹಿಡಿದದ್ದು ಸಣ್ಣ ದೋಣಿ. ಪ್ರವಾಸಿಗರು ಎಂಟೇ ಜನ, ದೋಣಿ ನಡೆಸುವವರು ಒಬ್ಬರು, ಗೈಡ್ ಒಬ್ಬ. ನನ್ನ ಕೇಳಿದರೆ ಹೋಗುವುದಾದರೆ ಹೀಗೇ ಹೋಗಬೇಕು. ದೊಡ್ಡ ದೋಣಿ ನಡು ನೀರಿನಲ್ಲೇ ಸಾಗುತ್ತದೆ, ಸಣ್ಣದು ಗೋಡೆಯ ಬುಡದವರೆಗೂ ಹೋಗುತ್ತದೆ. ಇನ್ನೊಂದು ಮಾತು. ಬೆಳಿಗ್ಗೆಯೇ ಹೋಗಿ. ಸೂರ್ಯಾಸ್ತ ನೋಡಲು ಎಲ್ಲರೂ ಸಂಜೆ ಹೊರಡುತ್ತಾರೆ. ಆದರೆ ಮಟ್ಟಾಂಚೇರಿಯ ದಡ ಮುಖ ಮಾಡಿರುವುದು ಪೂರ್ವಕ್ಕೆ. ಆ ಹಳೇ ಗೋಡೆಗಳ ಮೇಲೆ ಬಿಸಿಲು ಬೀಳುವುದು ಬೆಳಗಿನ ಹೊತ್ತು ಮಾತ್ರ.

ದೋಣಿ ನಡೆಸುವವರನ್ನು ಅಲ್ಲಿ 'ಸ್ರಾಂಕ್' ಅಂತಾರೆ. ನಮ್ಮ ಕರಾವಳಿಯ ತಾಂಡೇಲರ ಹಾಗೆ. ವಯಸ್ಸಾದವರು, ಮಾತು ಕಡಿಮೆ. ಗೈಡ್ ಮಟ್ಟಾಂಚೇರಿಯ ಹುಡುಗ. ಅತ್ತೆ ಹತ್ತುವಾಗ ಕೈ ಹಿಡಿದುಕೊಂಡು, "ಇಲ್ಲಿ ಕಾಲಿಡಿ ಅಮ್ಮಾ, ಹಲಗೆ ನಡುವೆ ಇಡಿ" ಅಂತ ಇಂಗ್ಲಿಷಿನಲ್ಲಿ ಹೇಳಿದ. ಅತ್ತೆ ಗಾಬರಿಯಲ್ಲಿ ಕೊಂಕಣಿಯಲ್ಲಿ ಏನೋ ಅಂದುಬಿಟ್ಟರು. ಅವರು ಬೆಳೆದದ್ದು ಕೊಂಕಣಿ ಮಾತಾಡುವ ಕೇರಿಯಲ್ಲಿ. ಹುಡುಗ ಒಂದು ಕ್ಷಣ ನಿಂತ. ಆಮೇಲೆ ಕೊಂಕಣಿಯಲ್ಲೇ ಉತ್ತರ ಕೊಟ್ಟ. ಅವನ ಮನೆ ಮಾತು ಅದೇ. ಅಲ್ಲಿಂದ ಮುಂದೆ ಎರಡು ಗಂಟೆ ಅತ್ತೆಗೆ ನೀರಿನ ಹೆದರಿಕೆ ನೆನಪಿಗೇ ಬರಲಿಲ್ಲ.

ದೋಣಿ ಪಶ್ಚಿಮಕ್ಕೆ ಹೊರಟಿತು. ಬಲಗಡೆ ಬೊಲ್ಗಾಟ್ಟಿ. ಮರಗಳ ನಡುವೆ ಕಾಣುವ ಹೆಂಚಿನ ಮನೆಯನ್ನು ಡಚ್ಚರು ಕಟ್ಟಿದ್ದು 1744ರಲ್ಲಿ. ಆಮೇಲೆ ಬ್ರಿಟಿಷರ ಪ್ರತಿನಿಧಿ, ಅಂದರೆ ರೆಸಿಡೆಂಟ್, ಅಲ್ಲಿದ್ದರು, ಈಗ ಹೋಟೆಲು. ಅದನ್ನು ದಾಟಿದರೆ ವಲ್ಲಾರ್‌ಪಾಡಂ. 2011ರಲ್ಲಿ ಶುರುವಾದ ಕಂಟೇನರ್ ಟರ್ಮಿನಲ್ಲಿನ ಕ್ರೇನುಗಳು ಆಕಾಶಕ್ಕೆ ಕೊರಳು ಚಾಚಿ ನಿಂತಿವೆ. ಎಡಗಡೆ ವಿಲ್ಲಿಂಗ್ಡನ್ ದ್ವೀಪ.

ಈ ದ್ವೀಪದ ಕಥೆ ಸ್ವಲ್ಪ ಹೇಳಲೇಬೇಕು. ಇದರ ಹೆಚ್ಚಿನ ಭಾಗ ಮನುಷ್ಯರು ಮಾಡಿದ್ದು. ನೂರು ವರ್ಷದ ಹಿಂದೆ ಕೊಚ್ಚಿಯ ಒಳಗೆ ದೊಡ್ಡ ಹಡಗು ಬರುತ್ತಿರಲಿಲ್ಲ. ಅಳಿವೆಯ ಬಾಯಿಗೆ ಅಡ್ಡಲಾಗಿ ಗಟ್ಟಿ ಮರಳ ದಿಬ್ಬ ಇತ್ತು. ಹಡಗುಗಳು ಹೊರಗೆ ಕಡಲಲ್ಲೇ ಲಂಗರು ಹಾಕುತ್ತಿದ್ದವು, ಸರಕು ಸಣ್ಣ ದೋಣಿಗಳಲ್ಲಿ ಹೋಗಿ ಬರುತ್ತಿತ್ತು. 1920ರಲ್ಲಿ ರಾಬರ್ಟ್ ಬ್ರಿಸ್ಟೋ ಅನ್ನುವ ಇಂಜಿನಿಯರ್ ಬಂದರು. ದಿಬ್ಬ ಕಡಿಸಿದರು, ಹಿನ್ನೀರಿನ ತಳ ಅಗೆಸಿದರು. ತೆಗೆದ ಹೂಳನ್ನು ಬಿಸಾಡಲಿಲ್ಲ, ಒಂದೇ ಕಡೆ ಸುರಿಸಿ ದ್ವೀಪ ಮಾಡಿದರು. 1928ರಲ್ಲಿ ದೊಡ್ಡ ಹಡಗು ಒಳಗೆ ಬಂತು. ದ್ವೀಪಕ್ಕೆ, ಬ್ರಿಸ್ಟೋ ಬಂದಾಗ ಮದ್ರಾಸಿನ ಗವರ್ನರ್ ಆಗಿದ್ದ ಲಾರ್ಡ್ ವಿಲ್ಲಿಂಗ್ಡನ್ ಹೆಸರಿಟ್ಟರು. ನೀರಿನ ಆಳ ಮತ್ತು ನೆಲದ ಎತ್ತರ ಒಂದೇ ಮಣ್ಣಿನಿಂದ ಬಂದದ್ದು ಅಂತ ಗೊತ್ತಾದ ಮೇಲೆ ಆ ದಡವನ್ನು ಸುಮ್ನೆ ನೋಡಿಕೊಂಡು ಹೋಗಲು ಆಗುವುದಿಲ್ಲ.

ದೋಣಿ ತಟ್ಟನೆ ನಿಂತಿತು. ಮಳೆಗಾಲ ಮುಗಿದ ಹೊತ್ತಿನಲ್ಲಿ ವೇಂಬನಾಡ್ ಕೆರೆಯ ಕಡೆಯಿಂದ ಅಂತರಗಂಗೆ ತೇಲಿ ಬರುತ್ತದೆ, ಹಸಿರು ಚಾಪೆ ಹಾಸಿದ ಹಾಗೆ. ಅದು ಪ್ರೊಪೆಲ್ಲರಿಗೆ ಸುತ್ತಿಕೊಂಡಿತ್ತು. ಸ್ರಾಂಕ್ ಇಂಜಿನ್ ಆರಿಸಿದರು. ಏನೂ ಮಾತಾಡದೆ ಹಿಂದೆ ಹೋಗಿ, ಬೋರಲು ಮಲಗಿ, ತೋಳು ಪೂರ್ತಿ ನೀರಿಗಿಳಿಸಿ, ಕತ್ತಿಯಿಂದ ಒಂದೊಂದೇ ಎಳೆ ಕೊಯ್ದು ತೆಗೆದರು. ಹತ್ತು ನಿಮಿಷ ಹಿಡಿಯಿತು. ಇಂಜಿನ್ ಸದ್ದು ನಿಂತಾಗಲೇ ನನಗೆ ಜಾಗದ ದನಿ ಕೇಳಿದ್ದು. ದೋಣಿಯ ಹೊಟ್ಟೆಗೆ ನೀರು ತಟ್ಟುವ ಸದ್ದು, ದೂರದಲ್ಲೆಲ್ಲೋ ಚರ್ಚಿನ ಗಂಟೆ, ಮೇಲೆ ಗರುಡ ಪಕ್ಷಿಯ ಎಳೆದ ಕೂಗು. ನೀರು ಹರಿಯುತ್ತಿದ್ದ ದಿಕ್ಕೂ ಕಂಡಿತು. ಇಳಿತದ ಹೊತ್ತು. ಅಂತರಗಂಗೆಯೆಲ್ಲ ಕಡಲ ಕಡೆಗೆ ಮೆಲ್ಲಗೆ ಹೊರಟಿತ್ತು, ನಾವೂ ಅದರ ಜೊತೆ.

ಕೊಚ್ಚಿಯ ಅಳಿವೆ ಅಂದರೆ ಒಂದು ಕಡೆ ಫೋರ್ಟ್ ಕೊಚ್ಚಿ, ಎದುರಿಗೆ ವೈಪಿನ್, ನಡುವೆ ಕಡಲಿಗೆ ತೆರೆದ ಬಾಗಿಲು. ಮಲಯಾಳದಲ್ಲೂ ಇದಕ್ಕೆ ಹತ್ತಿರದ ಮಾತೇ ಇದೆ, ಅಳಿ ಅಂತಾರೆ. 1341ರಲ್ಲಿ ಪೆರಿಯಾರ್ ನದಿಗೆ ಮಹಾ ನೆರೆ ಬಂದು, ಉತ್ತರಕ್ಕಿದ್ದ ಹಳೇ ಬಂದರು ಮುಜಿರಿಸ್ ಹೂಳಿನಲ್ಲಿ ಮುಚ್ಚಿ, ಇಲ್ಲಿ ಹೊಸ ಬಾಯಿ ತೆರೆಯಿತು ಅಂತ ಹೇಳುತ್ತಾರೆ. ಒಂದು ಊರನ್ನು ಮುಚ್ಚಿ ಇನ್ನೊಂದನ್ನು ತೆರೆದ ನೀರು ಅದು. ಹದಿನೈದನೇ ಶತಮಾನದ ಶುರುವಿನಲ್ಲಿ ಚೀನಾದ ನೌಕಾಪತಿ ಜೆಂಗ್ ಹೆಯ ಹಡಗುಗಳು ಇಲ್ಲಿಗೆ ಬಂದವು. 1500ರ ಕೊನೆಗೆ ಪೋರ್ಚುಗೀಸರು ಬಂದರು, 1503ರಲ್ಲಿ ಕೋಟೆ ಕಟ್ಟಿದರು. 1663ರಲ್ಲಿ ಡಚ್ಚರು ಅವರನ್ನು ಹೊರಹಾಕಿದರು, 1795ರಲ್ಲಿ ಬ್ರಿಟಿಷರು ಡಚ್ಚರನ್ನು. ಎಲ್ಲರೂ ಬಂದದ್ದು ಮೆಣಸಿನ ಆಸೆಗೆ. ವಾಸ್ಕೋ ಡ ಗಾಮ 1524ರಲ್ಲಿ, ಕ್ರಿಸ್ಮಸ್ಸಿನ ಹಿಂದಿನ ದಿನ, ತೀರಿಕೊಂಡದ್ದು ಇದೇ ದಡದಲ್ಲಿ. ಮೊದಲು ಇಲ್ಲೇ ಹೂಳಿದ್ದರು, ಆಮೇಲೆ ಅಸ್ಥಿಯನ್ನು ಪೋರ್ಚುಗಲ್ಲಿಗೆ ಒಯ್ದರು. ಕೋಟೆ ಈಗ ಇಲ್ಲ. ಬ್ರಿಟಿಷರು 1806ರಲ್ಲಿ ಒಡೆಸಿಬಿಟ್ಟರು. ಹೆಸರಿನಲ್ಲಿ ಮಾತ್ರ ಕೋಟೆ ಉಳಿದಿದೆ.

ಅಳಿವೆಯ ಬಾಯಲ್ಲಿ ದೋಣಿ ತೂಗತೊಡಗಿತು. ಸ್ರಾಂಕ್ ಮೊದಲ ಸಲ ಬಾಯಿ ಬಿಟ್ಟರು, ಕೈ ತೋರಿಸಿ ಏನೋ ಅಂದರು. ಬೂದು ಬಣ್ಣದ ಒಂದು ಬೆನ್ನು ಎದ್ದು ಮುಳುಗಿತು. ಡಾಲ್ಫಿನ್! ಎರಡನೇ ಸಲ ಎದ್ದಾಗ ಅತ್ತೆ ಕೈ ಮುಗಿದರು.

ಇನ್ನು ಚೀನಾ ಬಲೆಗಳು. ದಡದಿಂದ ಅವನ್ನು ಎಷ್ಟೋ ಸಲ ನೋಡಿದ್ದೆ. ನೀರಿನ ಕಡೆಯಿಂದ ನೋಡಿದಾಗ ಮಾತ್ರ ಅದು ಕೆಲಸ ಮಾಡುವ ಬಗೆ ತಿಳಿಯಿತು. ಸ್ರಾಂಕ್ ಒಂದು ಬಲೆಯಿಂದ ಸ್ವಲ್ಪ ದೂರದಲ್ಲಿ ದೋಣಿ ನಿಲ್ಲಿಸಿದರು. ಎರಡು ಆಳೆತ್ತರಕ್ಕೂ ಮೀರಿದ ಮರದ ಚೌಕಟ್ಟು, ಅದರ ತುದಿಯಿಂದ ನಾಲ್ಕು ಬಾಗಿದ ಕೋಲು, ಕೋಲುಗಳಿಗೆ ಕಟ್ಟಿದ ಜೋಳಿಗೆಯಂಥ ಬಲೆ. ಹಿಂದೆ ಹಗ್ಗಗಳಿಗೆ ಸಾಲಾಗಿ ಕಲ್ಲು ಕಟ್ಟಿರುತ್ತಾರೆ, ಒಂದೊಂದೂ ತೆಂಗಿನಕಾಯಿಗಿಂತ ದೊಡ್ಡದು. ಬಲೆ ಇಳಿಸುವಾಗ ಒಬ್ಬ ಬರಿಗಾಲಲ್ಲಿ ದಪ್ಪ ತೊಲೆಯ ಮೇಲೆ ನೀರಿನ ಕಡೆಗೆ ನಡೆದ. ಅಷ್ಟೇ. ಅವನು ಒಂದೊಂದು ಹೆಜ್ಜೆ ಮುಂದೆ ಇಟ್ಟ ಹಾಗೂ ಅಷ್ಟು ದೊಡ್ಡ ಚೌಕಟ್ಟು ಬಗ್ಗುತ್ತಾ ಹೋಯಿತು. ತೂಕ ಅಷ್ಟು ಸರಿಯಾಗಿ ಹೊಂದಿಸಿರುತ್ತಾರೆ. ಕೋಲುಗಳು ನೀರು ಮುಟ್ಟಿದವು, ಬಲೆ ಕಾಣದಾಯಿತು. ಕೆಲವೇ ನಿಮಿಷ. ನಂತರ ದಡದಲ್ಲಿದ್ದ ಐದು ಜನ ಹಗ್ಗ ಹಿಡಿದು ಒಂದೇ ದನಿಯಲ್ಲಿ ಕೂಗುತ್ತಾ ಎಳೆದರು. ಕಲ್ಲುಗಳು ಒಂದೊಂದಾಗಿ ಕೆಳಗಿಳಿದು ಹಲಗೆಯ ಮೇಲೆ ಕೂತವು. ಬಲೆ ಮೇಲೆದ್ದಾಗ ಅಂಚಿನಿಂದ ನೀರು ಮಣಿಸರದ ಹಾಗೆ ಸುರಿಯಿತು. ನಡುವೆ ಮಿಂಚಿದ್ದು ಒಂದು ಬೊಗಸೆ ಸಣ್ಣ ಮೀನು, ಒಂದು ಏಡಿ, ಜಾಸ್ತಿ ಅಂತರಗಂಗೆ. ಅದನ್ನು ಬಿಡಿಸಿ ಎಸೆದು ಮತ್ತೆ ಇಳಿಸಿದರು.

ಬಲೆ ಇಲ್ಲಿಗೆ ಬಂದದ್ದು ಚೀನೀ ವ್ಯಾಪಾರಿಗಳಿಂದ ಅಂತ ಕೆಲವರು, ಮಕಾವಿನಿಂದ ಪೋರ್ಚುಗೀಸರು ತಂದರು ಅಂತ ಇನ್ನು ಕೆಲವರು. ಹುಡುಗ ಒಂದು ಚಂದದ ವಿಷಯ ಹೇಳಿದ. ಅವರ ಮಾತಿನಲ್ಲಿ ಬಲೆ 'ಚೀನವಲ', ಬಾಣಲೆ 'ಚೀನಚಟ್ಟಿ', ಉಪ್ಪಿನಕಾಯಿ ಜಾಡಿ 'ಚೀನಭರಣಿ'. "ನಮ್ಮಲ್ಲೂ ಭರಣಿ ಅಂತಲೇ ಅಲ್ವಾ?" ಅಂದರು ಅತ್ತೆ. ಈಚೆಗೆ ಕೆಲವು ಬಲೆಗಳಿಗೆ ಮರದ ಬದಲು ಕಬ್ಬಿಣದ ಪೈಪು ಹಾಕಿದ್ದಾರೆ. ಉದ್ದದ ಒಳ್ಳೇ ಮರಕ್ಕೆ ಖರ್ಚು ಜಾಸ್ತಿ, ಸಿಗುವ ಮೀನು ಕಡಿಮೆ. ಇಷ್ಟು ಕಷ್ಟದಲ್ಲೂ ಬೆಳಿಗ್ಗೆ ಎದ್ದು ಆ ತೊಲೆಯ ಮೇಲೆ ನಡೆಯುವವರು ಇದ್ದಾರಲ್ಲ, ಅವರ ಬಗ್ಗೆ ನನಗೆ ತುಂಬಾ ಗೌರವ ಬಂತು.

ಅಲ್ಲಿಂದ ಒಳಗೆ ತಿರುಗಿ, ವಿಲ್ಲಿಂಗ್ಡನ್ ದ್ವೀಪಕ್ಕೂ ಮಟ್ಟಾಂಚೇರಿಗೂ ನಡುವಿನ ನೀರಿಗೆ ಬಂದೆವು. ನಾನು ಬಂದದ್ದೇ ಇದಕ್ಕಾಗಿ.

ಇಡೀ ದಡದ ಉದ್ದಕ್ಕೂ ಗೋದಾಮುಗಳ ಸಾಲು. ಹೆಂಚಿನ ಮಾಡು, ದಪ್ಪ ಸುಣ್ಣದ ಗೋಡೆ, ಬಣ್ಣ ಹೋಗಿ ಒಳಗಿನ ಕೆಂಪು ಕಲ್ಲು ಕಾಣುತ್ತಿದೆ. ಗೋಡೆಯ ಬಿರುಕಿನಲ್ಲಿ ಅರಳಿ ಗಿಡ. ಆದರೆ ಬಾಗಿಲು ನೋಡಿ! ಅಗಲವಾದ ಎರಡು ರೆಕ್ಕೆಯ ಮರದ ಬಾಗಿಲು, ಅದರ ಮುಂದೆ ಜಗಲಿ, ಜಗಲಿಯಿಂದ ನೇರ ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲು. ನಾನು ರಸ್ತೆಯಲ್ಲಿ ನಿಂತು ಇಷ್ಟು ಸಲ ನೋಡಿದ್ದು ಈ ಕಟ್ಟಡಗಳ ಒಂದು ಬದಿ ಮಾತ್ರ. ಎದುರಿನ ಬಾಗಿಲು ಇಲ್ಲಿತ್ತು. ಸರಕು ಬರುತ್ತಿದ್ದದ್ದು ಹೋಗುತ್ತಿದ್ದದ್ದು ನೀರಿನಲ್ಲಿ. ಹಿನ್ನೀರಿನ ಊರುಗಳಿಂದ ಕೆಟ್ಟುವಳ್ಳಂ ಅನ್ನುವ ಸರಕು ದೋಣಿಗಳು ಮೆಣಸು, ಒಣಶುಂಠಿ, ಏಲಕ್ಕಿ, ಕೊಬ್ಬರಿ ತುಂಬಿಕೊಂಡು ಇದೇ ಮೆಟ್ಟಿಲಿಗೆ ಬಂದು ನಿಲ್ಲುತ್ತಿದ್ದವು. ಹೆದ್ದಾರಿಯೇ ನೀರು. ಬಜಾರ್ ರಸ್ತೆ ಅಗಲ ಇರಬೇಕಾದ ಅಗತ್ಯವೇ ಇರಲಿಲ್ಲ.

ಹುಡುಗ ಒಂದು ಮೆಟ್ಟಿಲಿನ ಹತ್ತಿರ ದೋಣಿ ಒಯ್ಯಲು ಹೇಳಿದ. ನೀರು ಇಳಿದಿದ್ದರಿಂದ ಕೆಳಗಿನ ಮೂರು ಮೆಟ್ಟಿಲು ಹೊರಗೆ ಬಿದ್ದಿದ್ದವು, ಪಾಚಿ ಮತ್ತು ಚಿಪ್ಪು ಹಿಡಿದು. ಗೋಡೆಯಲ್ಲಿ ಒಂದು ಕಬ್ಬಿಣದ ಬಳೆ, ದೋಣಿ ಕಟ್ಟಲು ಇಟ್ಟದ್ದು. ತುಕ್ಕು ಹಿಡಿದು ತೆಳ್ಳಗಾಗಿತ್ತು. ನಾನು ಕೈ ಚಾಚಿ ಮುಟ್ಟಿದೆ. ಬಳೆಯ ಕೆಳಗೆ ಕಲ್ಲಿನಲ್ಲಿ ಬೆರಳು ಹಿಡಿಸುವಷ್ಟು ಗುಳಿ ಬಿದ್ದಿತ್ತು, ಹಗ್ಗ ಉಜ್ಜಿ ಉಜ್ಜಿ ಆದದ್ದು. ಎಷ್ಟು ದೋಣಿ ಕಟ್ಟಿರಬೇಕು ಅಲ್ಲಿ! ಯಾವ ಪುಸ್ತಕದಲ್ಲೂ ಅವುಗಳ ಲೆಕ್ಕ ಇರಲಿಕ್ಕಿಲ್ಲ.

ಹುಡುಗನ ಹಿರಿಯರೂ ಬಂದದ್ದು ನೀರಿನ ದಾರಿಯಲ್ಲೇ. ಹದಿನಾರನೇ ಶತಮಾನದಲ್ಲಿ ಗೋವಾದಲ್ಲಿ ಪೋರ್ಚುಗೀಸರ ಕಾಟ ತಾಳಲಾರದೆ ಹೊರಟ ಕೊಂಕಣಿಗರಿಗೆ ಕೊಚ್ಚಿಯ ರಾಜರು ನೆಲೆ ಕೊಟ್ಟರು. ಯಹೂದಿಗಳ ಪರದೇಸಿ ಸಿನಗಾಗ್ 1568ರದು, ಮಟ್ಟಾಂಚೇರಿ ಅರಮನೆಯ ಪಕ್ಕದಲ್ಲೇ ಇದೆ. ದೋಣಿಯಿಂದ ಇವೆರಡೂ ಹೆಚ್ಚು ಕಾಣುವುದಿಲ್ಲ, ಮಾಡು ಮಾತ್ರ. "ಡಚ್ಚರ ಗವರ್ನರ್ ವಾನ್ ರೀಡ್ ಮಲಬಾರಿನ ಗಿಡಗಳ ಬಗ್ಗೆ ಹನ್ನೆರಡು ಸಂಪುಟ ಮಾಡಿಸಿದರು, ಗೊತ್ತಾ ಅಮ್ಮಾ? ಔಷಧಿ ಹೇಳಿಕೊಟ್ಟದ್ದು ನಮ್ಮವರು" ಅಂದ ಹುಡುಗ. ಆ ಗ್ರಂಥದ ಹೆಸರು ಹೊರ್ಟುಸ್ ಮಲಬಾರಿಕುಸ್. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ವೈದ್ಯ ಇಟ್ಟಿ ಅಚ್ಯುತನ್ ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಅನ್ನುವ ಮೂವರು ಕೊಂಕಣಿ ಬ್ರಾಹ್ಮಣರು ಅದಕ್ಕೆ ದುಡಿದರು. ಆ ಹೆಸರುಗಳನ್ನು ಹೇಳುವಾಗ ಹುಡುಗನ ದನಿ ಬೇರೆಯಾಗಿತ್ತು, ಮನೆಯ ಅಜ್ಜಂದಿರ ಹೆಸರು ಹೇಳಿದ ಹಾಗೆ. ಅತ್ತೆ ಮೂರೂ ಹೆಸರು ಇನ್ನೊಮ್ಮೆ ಹೇಳಿಸಿಕೊಂಡರು.

ಹತ್ತು ಗಂಟೆಗೆ ಮರೀನ್ ಡ್ರೈವಿಗೆ ವಾಪಸ್. ಇಳಿಯುವಾಗ ಅತ್ತೆ ಯಾರ ಕೈಯನ್ನೂ ಹಿಡಿಯಲಿಲ್ಲ.

ಮಧ್ಯಾಹ್ನ ಮತ್ತೆ ಆ ಕಡೆ ಹೋಗೋಣ ಅಂದವರು ಅವರೇ. ಹೈಕೋರ್ಟ್ ಜೆಟ್ಟಿಯಿಂದ ವಾಟರ್ ಮೆಟ್ರೋ ಹಿಡಿದೆವು. 2023ರ ಏಪ್ರಿಲ್‌ನಲ್ಲಿ ಶುರುವಾದ ಬ್ಯಾಟರಿ ದೋಣಿಗಳು, ಕೊಚ್ಚಿಯ ಹಡಗುಕಟ್ಟೆಯಲ್ಲೇ ಕಟ್ಟಿದ್ದು. ಒಳಗೆ ಆಫೀಸಿನವರು, ಸ್ಕೂಲಿನ ಮಕ್ಕಳು. ನೀರು ಮತ್ತೆ ರಸ್ತೆಯಾಗಿದೆ. ಫೋರ್ಟ್ ಕೊಚ್ಚಿಯಲ್ಲಿ ಇಳಿದು ಬಜಾರ್ ರಸ್ತೆಯ ಉದ್ದಕ್ಕೂ ನಡೆದೆವು. ಒಂದು ಗೋದಾಮಿನ ಬಾಗಿಲು ತೆರೆದಿತ್ತು. ಒಳಗೆ ಒಬ್ಬರು ಒಣಶುಂಠಿಯನ್ನು ಗೋಣಿಗೆ ತುಂಬುತ್ತಿದ್ದರು, ಶುಂಠಿಯ ಘಾಟು ಬೀದಿಯವರೆಗೂ ಇತ್ತು. ಅತ್ತೆ ಸನ್ನೆಯಲ್ಲೇ ಕೇಳಿದರು, ಅವರು ತಲೆಯಾಡಿಸಿದರು. ಹೊಸ್ತಿಲು ದಾಟಿ ನಿಂತೆವು. ಕತ್ತಲೆ, ಗೋಣಿಗಳ ರಾಶಿ, ಧೂಳು. ಆ ಕತ್ತಲೆಯ ಕೊನೆಯಲ್ಲಿ ಇನ್ನೊಂದು ಬಾಗಿಲು ಅರ್ಧ ತೆರೆದಿತ್ತು. ಅದರಲ್ಲಿ ಬೆಳಕು, ಬೆಳಕಿನಲ್ಲಿ ನೀರು. ಒಂದು ಸಣ್ಣ ದೋಣಿ ಎಡದಿಂದ ಬಲಕ್ಕೆ ಮೆಲ್ಲಗೆ ಹಾದುಹೋಯಿತು.

"ಅದೇ ಮೆಟ್ಟಿಲು ಇರಬೇಕು" ಅಂದರು ಅತ್ತೆ.