ಎಡಗೈಯಿಂದ ಬಲಗೈಗೆ: ರೈನ್‌ಹಾರ್ಡ್ ಗೋಬೆಲ್

ಜರ್ಮನಿಯ ಬರೋಕ್ (ಯುರೋಪಿನ ಹದಿನೇಳು-ಹದಿನೆಂಟನೆಯ ಶತಮಾನದ ಸಂಗೀತಶೈಲಿ) ಪಿಟೀಲುವಾದಕ ರೈನ್‌ಹಾರ್ಡ್ ಗೋಬೆಲ್ ಅವರ ವಿಷಯ ಬಂದಾಗಲೆಲ್ಲ ಮೊದಲು ಕೇಳಿಬರುವುದು ಅವರ ಕೈಯ ಕಥೆ. 1990ರ ಸುಮಾರಿಗೆ ಅವರ ಎಡಗೈ ಬೆರಳುಗಳಿಗೆ ಡಿಸ್ಟೋನಿಯಾ ಎಂಬ ನರದ ತೊಂದರೆ ಕಾಣಿಸಿಕೊಂಡಿತು. ನೋವಾಗಲಿ ಗಾಯವಾಗಲಿ ಇಲ್ಲದೆಯೂ ಬೆರಳುಗಳು ತಮ್ಮಷ್ಟಕ್ಕೆ ಮಡಿಚಿಕೊಳ್ಳುವ, ವರ್ಷಗಟ್ಟಲೆ ಒಂದೇ ಸೂಕ್ಷ್ಮ ಚಲನೆಯನ್ನು ಅಭ್ಯಾಸ ಮಾಡಿದವರನ್ನೇ ಹೆಚ್ಚಾಗಿ ಹಿಡಿಯುವ ಕಾಯಿಲೆ ಅದು. ಆಗ ನಲವತ್ತರ ಹತ್ತಿರವಿದ್ದ ಅವರು ಪಿಟೀಲನ್ನು ಬಲಭುಜಕ್ಕೆ ಏರಿಸಿ, ಕಮಾನನ್ನು ಎಡಗೈಗೆ ಕೊಟ್ಟು, ಎಲ್ಲವನ್ನೂ ಮೊದಲಿನಿಂದ ಕಲಿತು ಮತ್ತೆ ವೇದಿಕೆಗೆ ಬಂದರು. ಕೇಳುವುದಕ್ಕೆ ಸರಳವಾದರೂ ಇದು ಕೈ ಬದಲಿಸಿದಷ್ಟಕ್ಕೇ ಮುಗಿಯುವ ಕೆಲಸವಲ್ಲ. ಎಡಗೈ ಕಮಾನಿಗೆ ಹೊಂದುವ ಪಿಟೀಲಿನಲ್ಲಿ ತಂತಿಗಳ ಕ್ರಮ, ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿನ) ಬಾಗು, ಒಳಗಿನ ಆಧಾರದ ಕಡ್ಡಿ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗಬೇಕು.

ಆದರೆ ಆ ಕಥೆಯ ಅಬ್ಬರದಲ್ಲಿ ಗೋಬೆಲ್ ಅವರ ನಿಜವಾದ ಕೆಲಸ ಮರೆಯಾಗುತ್ತದೆ ಎಂಬುದು ನನ್ನ ತಕರಾರು. 1952ರಲ್ಲಿ ಜೀಗನ್ ಊರಿನಲ್ಲಿ ಹುಟ್ಟಿದ ಅವರು, ಕಲೋನ್ ನಗರದಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ, 1973ರಲ್ಲಿ, ಸಹಪಾಠಿಗಳೊಡನೆ ಮ್ಯೂಸಿಕಾ ಆಂಟಿಕ್ವಾ ಕ್ಯೋಲ್ನ್ ಎಂಬ ತಂಡವನ್ನು ಕಟ್ಟಿ ಮೂರು ದಶಕಗಳಿಗೂ ಹೆಚ್ಚು ಕಾಲ ನಡೆಸಿದರು. ಕರುಳಿನ ತಂತಿ, ಗದ್ದದ ಆಸರೆಯಿಲ್ಲದ ಪಿಟೀಲು, ಹೊರಕ್ಕೆ ಬಾಗಿದ ಹಗುರ ಕಮಾನು ಇವು ಆಗಿನ ಬರೋಕ್ ತಂಡಗಳಿಗೆಲ್ಲ ಸಮಾನವಾಗಿದ್ದವು. ಗೋಬೆಲ್ ತಂಡದ ಗುರುತು ಬೇರೆಯದು: ಕತ್ತರಿಸಿದಂತೆ ಚುರುಕಾದ ಸ್ವರಗಳು, ಕೆಲವರಿಗೆ ಒರಟೆನಿಸಿದ ವೇಗ. ಬರೋಕ್ ಕಾಲದ ಸಂಗೀತಕಾರ ಬಾಖ್‌ನ ಬ್ರಾಂಡನ್‌ಬರ್ಗ್ ಕಾನ್ಸರ್ಟೊಗಳೆಂಬ ವಾದ್ಯವೃಂದದ ಕೃತಿಗಳಲ್ಲಿ ಆರನೆಯದರ ಮೊದಲ ಭಾಗವನ್ನು ಅವರ 1980ರ ದಶಕದ ಧ್ವನಿಮುದ್ರಣದಲ್ಲಿ ಮೊದಲ ಸಲ ಕೇಳಿದಾಗ ಯಂತ್ರವೇ ಕೆಟ್ಟಿದೆಯೆಂದು ನಾನು ಭಾವಿಸಿದ್ದೆ. (ಆ ಕೃತಿಯಲ್ಲಿ ಪಿಟೀಲೇ ಇಲ್ಲವೆಂಬುದು ಬೇರೆ ಮಾತು.)

ಕರ್ನಾಟಕ ಸಂಗೀತ ಕೇಳಿ ಬೆಳೆದವರು ಗೋಬೆಲ್ ಅವರನ್ನು ಅರಿಯಲು ಪಿಟೀಲುವಾದಕ, ಸಂಗೀತಕಾರ ಬೀಬರ್‌ನ ರೋಸರಿ (ಕ್ರೈಸ್ತರ ಜಪಮಾಲೆ) ಸೊನಾಟಾಗಳೆಂಬ ಪಿಟೀಲು ಕೃತಿಗಳಿಂದ ಆರಂಭಿಸುವುದು ಒಳ್ಳೆಯದು. ಹದಿನೇಳನೆಯ ಶತಮಾನದ ಈ ಹದಿನೈದು ಸೊನಾಟಾಗಳಲ್ಲಿ ಮೊದಲನೆಯದನ್ನು ಬಿಟ್ಟರೆ ಉಳಿದ ಒಂದೊಂದಕ್ಕೂ ತಂತಿಗಳ ಶ್ರುತಿ ಬೇರೆ ಬೇರೆ. ಪಾಶ್ಚಾತ್ಯ ಪಿಟೀಲಿನ ಶ್ರುತಿಯನ್ನು ಬಿಟ್ಟು ಸ-ಪ-ಸ-ಪ ಎಂದು ಕೂಡಿಸಿಕೊಳ್ಳುವ ನಮ್ಮ ವಿದ್ವಾಂಸರಿಗೆ ಇದು ಅಪರಿಚಿತವಲ್ಲ. ನಮ್ಮಲ್ಲಿ ಅದು ನಿತ್ಯದ ನಿಯಮ, ಬೀಬರ್‌ನಲ್ಲಿ ಪ್ರತಿ ಕೃತಿಗೂ ಹೊಸ ಪ್ರಯೋಗ. ಯೇಸುವಿನ ಪುನರುತ್ಥಾನವನ್ನು ಕುರಿತ ಹನ್ನೊಂದನೆಯ ಸೊನಾಟಾಕ್ಕೆ ನಡುವಿನ ಎರಡು ತಂತಿಗಳನ್ನು ಒಂದರ ಮೇಲೊಂದು ದಾಟಿಸಬೇಕು, ಆಗ ಕುದುರೆಯ ಹಿಂದೆ ಶಿಲುಬೆಯ ಆಕಾರವೇ ಮೂಡುತ್ತದೆ. ಗೋಬೆಲ್ ಇದನ್ನು ಧ್ವನಿಮುದ್ರಿಸಿದ್ದು ಎಡಗೈ ಕೈಕೊಡುವ ಕಾಲದ ಆಸುಪಾಸಿನಲ್ಲೇ.

ನಾಯಕನಾಗಿ ಅವರ ಬಲ ಇದ್ದದ್ದು ಗ್ರಂಥಭಂಡಾರಗಳಲ್ಲಿ. ಡ್ರೆಸ್ಡನ್ ಆಸ್ಥಾನದಲ್ಲಿ ಸಂಗೀತ ನಿರ್ದೇಶಕನಾಗಿದ್ದು 1729ರಲ್ಲಿ ತೀರಿಕೊಂಡ ಹೈನಿಖೆನ್‌ನ ಹೆಸರು ವಿದ್ವಾಂಸರ ಟಿಪ್ಪಣಿಗಳಲ್ಲಷ್ಟೇ ಉಳಿದಿತ್ತು. ಅವನ ಕಾನ್ಸರ್ಟೊಗಳನ್ನು ಗೋಬೆಲ್ 1990ರ ದಶಕದ ಆರಂಭದಲ್ಲಿ ಧ್ವನಿಮುದ್ರಿಸಿದ ಮೇಲೆ ಆತ ಮತ್ತೆ ಕೇಳುಗರ ಸ್ವತ್ತಾದ. ಮುಂದೆ ಏನು ನುಡಿಸಬೇಕೆಂಬುದನ್ನು ಹಸ್ತಪ್ರತಿಯಲ್ಲಿ ಹುಡುಕುವ ಮನುಷ್ಯನಿಗೆ ಬೆರಳು ಕೈಕೊಟ್ಟರೂ ಕೆಲಸ ನಿಲ್ಲುವುದಿಲ್ಲ.

ತಂಡ ಮುಗಿದ ಮೇಲೆ ಅವರು ಪಿಟೀಲು ಬಿಟ್ಟು ವಾದ್ಯವೃಂದದ ನಿರ್ದೇಶನಕ್ಕೆ ತಿರುಗಿದರು. 2010ರಿಂದ ಸಾಲ್ಜ್‌ಬರ್ಗಿನ ಸಂಗೀತ ವಿಶ್ವವಿದ್ಯಾಲಯವಾದ ಮೊಟ್ಸಾರ್ಟೇಯುಮ್‌ನಲ್ಲಿ ಪಾಠ ಹೇಳಿದರು. ಕರುಳಿನ ತಂತಿಯ ಕಟ್ಟಾಳುಗಳಿಗೆ ಇರಿಸುಮುರಿಸಾಗುವಂತೆ, ಆಧುನಿಕ ವಾದ್ಯಗಳ ಬರ್ಲಿನ್ ಬರೋಕ್ ಸೋಲಿಸ್ಟ್ಸ್ ತಂಡದೊಡನೆ ಬ್ರಾಂಡನ್‌ಬರ್ಗ್ ಕಾನ್ಸರ್ಟೊಗಳನ್ನು ಮತ್ತೊಮ್ಮೆ ಧ್ವನಿಮುದ್ರಿಸಿ, 2017ರಲ್ಲಿ ಹೊರತಂದರು. ಎರಡನ್ನೂ ಬೆನ್ನುಬೆನ್ನಿಗೆ ಕೇಳಿದರೆ ವಾದ್ಯದ ಬಣ್ಣ ಬೇರೆಯಾದರೂ, ಸ್ವರವನ್ನು ಮಾತಿನಂತೆ ಒತ್ತಿ, ಬಿಡಿಸಿ ಹೇಳುವ ರೀತಿ ಅದೇ ಎಂದು ನನ್ನ ಕಿವಿಗೆ ಅನ್ನಿಸುತ್ತದೆ.