ದೊಡ್ಡ ಶಾಲೆಯೊಳಗೊಂದು ಚಿಕ್ಕ ಶಾಲೆ

ನಾವು ನೆಲೆಸಿರುವ ಬ್ರೂಕ್‌ಲೈನ್ ಊರು ಅಮೆರಿಕದ ಬಾಸ್ಟನ್ ನಗರಕ್ಕೆ ಅಂಟಿಕೊಂಡೇ ಇದೆ. 1843ರಲ್ಲಿ ಆರಂಭವಾದ ಇಲ್ಲಿನ ಸಾರ್ವಜನಿಕ ಪ್ರೌಢಶಾಲೆಯಲ್ಲಿ ಈಗ ಸುಮಾರು 2,000 ಮಕ್ಕಳು ಓದುತ್ತಾರೆ. ಅದೇ ಕಟ್ಟಡದೊಳಗೆ ನೂರು ಚಿಲ್ಲರೆ ಮಕ್ಕಳ ಇನ್ನೊಂದು ಶಾಲೆ ಅರ್ಧ ಶತಮಾನಕ್ಕೂ ಮೀರಿ ನಡೆದುಕೊಂಡು ಬಂದಿದೆ. ಅದರ ಹೆಸರು ‘ಸ್ಕೂಲ್ ವಿದಿನ್ ಎ ಸ್ಕೂಲ್’. ಮಕ್ಕಳು ಕೆಲವು ಪಾಠಗಳನ್ನು ಇಲ್ಲಿ ಕಲಿತು, ಉಳಿದವಕ್ಕೆ ದೊಡ್ಡ ಶಾಲೆಯ ತರಗತಿಗಳಿಗೆ ಹೋಗುತ್ತಾರೆ. ಪ್ರಯೋಗಾಲಯ, ಗ್ರಂಥಾಲಯ, ಆಟದ ಮೈದಾನಗಳೆಲ್ಲ ಎಲ್ಲರಿಗೂ ಒಂದೇ.

ಇಂಥ ಶಾಲೆಯನ್ನು ಇಲ್ಲಿ ‘ಆಲ್ಟರ್ನೇಟಿವ್’, ಅಂದರೆ ಪರ್ಯಾಯ ಶಾಲೆ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದೊಡನೆ ಇಲ್ಲಿನ ಕನ್ನಡ ತಂದೆತಾಯಿಯರಿಗೆ ಆತಂಕವಾಗುವುದು ಸಹಜ, ಏಕೆಂದರೆ ಅಮೆರಿಕದ ಅನೇಕ ಕಡೆ ಓದು ನಿಲ್ಲಿಸುವ ಹಂತಕ್ಕೆ ಬಂದ ಮಕ್ಕಳನ್ನು ಸೇರಿಸುವ ಶಾಲೆಗಳಿಗೂ ಅದೇ ಹೆಸರಿದೆ. ಈ ಶಾಲೆಯ ಹುಟ್ಟು ಬೇರೆ ಬಗೆಯದು. ವಿಯೆಟ್ನಾಂ ಯುದ್ಧದ ವರ್ಷಗಳಲ್ಲಿ ಹಿರಿಯರ ಅಧಿಕಾರವನ್ನು ಪ್ರಶ್ನಿಸತೊಡಗಿದ ಹರೆಯದವರಿಗೆ, ತಮ್ಮ ಕಲಿಕೆಯ ಹೊಣೆಯನ್ನು ತಾವೇ ಹೊರುವ ಅವಕಾಶ ಕೊಡಬೇಕೆಂಬ ಚಿಂತನೆಯಿಂದ ಇಂಥ ಶಾಲೆಗಳು ಅಂದು ಹಲವೆಡೆ ತಲೆಯೆತ್ತಿದವು. ಬಹುಪಾಲು ಮುಚ್ಚಿಹೋದವು, ಇದು ಉಳಿಯಿತು.

ಇದರ ಜೀವಾಳವೆಂದರೆ ವಾರಕ್ಕೊಮ್ಮೆ ಸೇರುವ ಟೌನ್ ಮೀಟಿಂಗ್, ಅಂದರೆ ಚರ್ಚಿಸಿ ಮತ ಹಾಕಿ ತೀರ್ಮಾನಿಸುವ ಸಭೆ. ಅಲ್ಲಿ ಶಿಕ್ಷಕರಿಗೂ ಒಂದೇ ಮತ, ವಿದ್ಯಾರ್ಥಿಗೂ ಒಂದೇ ಮತ. ಅರವತ್ತು ಸಾವಿರಕ್ಕೂ ಹೆಚ್ಚು ಜನರಿದ್ದರೂ ಬ್ರೂಕ್‌ಲೈನ್ ಇಂದಿಗೂ ನಗರವೆನಿಸಿಕೊಳ್ಳದೆ, ಇನ್ನೂರಕ್ಕೂ ಮೀರಿದ ಸದಸ್ಯರ ಟೌನ್ ಮೀಟಿಂಗ್ ಮೂಲಕವೇ ಆಡಳಿತ ನಡೆಸುತ್ತಿರುವುದರಿಂದ, ಮಕ್ಕಳು ಶಾಲೆಯಲ್ಲಿ ರೂಢಿಸಿಕೊಳ್ಳುವುದು ತಮ್ಮ ಊರಿನ ನಿಜವಾದ ರಾಜಕೀಯ ಪದ್ಧತಿಯನ್ನೇ.

ಇಂಥ ಸಭೆಯಿಂದ ಏನು ಸಾಧ್ಯವೆಂದು ಅರಿಯಲು ಇಲ್ಲಿಯೇ ಚಾರ್ಲ್ಸ್ ನದಿಯಾಚೆಗಿರುವ ಕೇಂಬ್ರಿಡ್ಜ್ ನಗರದ ಪ್ರಸಂಗವೊಂದನ್ನು ಹೇಳಬೇಕು. ಹಾರ್ವರ್ಡ್‌ನ ಮನೋವಿಜ್ಞಾನಿ ಲಾರೆನ್ಸ್ ಕೋಲ್ಬರ್ಗ್ 1969ರಲ್ಲಿ ಇಸ್ರೇಲಿನ ಕಿಬ್ಬುತ್ಸ್‌ನ (ಎಲ್ಲರೂ ಕೂಡಿ ದುಡಿದು ಬಾಳುವ ಸಮುದಾಯದ) ಶಾಲೆಯೊಂದನ್ನು ಕಂಡು, ನ್ಯಾಯಪ್ರಜ್ಞೆ ಬೆಳೆಯಲು ತರಗತಿಯ ಚರ್ಚೆಯಷ್ಟೇ ಸಾಲದು, ನಿಯಮಕ್ಕೆ ಒಳಪಡುವವರೇ ಅದನ್ನು ರೂಪಿಸಬೇಕು ಎಂಬ ನಿಲುವಿಗೆ ಬಂದಿದ್ದರು. 1974ರಲ್ಲಿ ಕೇಂಬ್ರಿಡ್ಜ್‌ನ ಸಾರ್ವಜನಿಕ ಪ್ರೌಢಶಾಲೆಯೊಳಗೆ ಆರಂಭವಾದ ಕ್ಲಸ್ಟರ್ ಸ್ಕೂಲ್ ಎಂಬ ಇಂಥದೇ ಚಿಕ್ಕ ಶಾಲೆಗೆ ಅವರು ಸಲಹೆಗಾರರಾದರು. ಒಮ್ಮೆ ಅಲ್ಲಿ ಹುಡುಗಿಯೊಬ್ಬಳ ಪರ್ಸಿನಿಂದ 9 ಡಾಲರ್ ಕಳುವಾಯಿತು. ಕದ್ದವರ ಪತ್ತೆ ಪ್ರಾಂಶುಪಾಲರ ಕೆಲಸವೆಂದು ಯಾರೂ ಕೈತೊಳೆದುಕೊಳ್ಳಲಿಲ್ಲ. ಪರ್ಸನ್ನು ಹಾಗೆ ಬಿಟ್ಟಿದ್ದು ಅವಳದೇ ತಪ್ಪು ಎಂದವರೂ ಇದ್ದರು. ನಮ್ಮಲ್ಲೊಬ್ಬರು ನಮ್ಮವರದನ್ನೇ ಕದ್ದರೆಂದರೆ ನಾವೆಲ್ಲ ಸೋತಂತೆ ಎಂದವರೂ ಇದ್ದರು. ಹಣ ಹಿಂತಿರುಗದಿದ್ದರೆ ಪ್ರತಿಯೊಬ್ಬರೂ 15 ಸೆಂಟ್ ಕೊಟ್ಟು ಆ ನಷ್ಟ ತುಂಬಬೇಕೆಂದು ಕೊನೆಗೆ ಸಭೆ ತೀರ್ಮಾನಿಸಿತು. ಆ ಚಿಲ್ಲರೆ ಕಾಸಿನಲ್ಲಿ, ಇನ್ನೊಬ್ಬರ ನಷ್ಟ ನನ್ನದೂ ಹೌದೆಂದು ಹದಿನೈದು ವರ್ಷದ ಮಕ್ಕಳು ತಾವಾಗಿಯೇ ಒಪ್ಪಿಕೊಂಡದ್ದಿದೆ. ಯಾವ ನೀತಿಪಾಠದ ಪುಸ್ತಕವೂ ಇಷ್ಟನ್ನು ಕಲಿಸಬಲ್ಲದೆಂದು ನನಗನ್ನಿಸುವುದಿಲ್ಲ.

ಆ ಕ್ಲಸ್ಟರ್ ಸ್ಕೂಲ್ ಎಪ್ಪತ್ತರ ದಶಕ ಮುಗಿಯುವಷ್ಟರಲ್ಲಿ ಮುಚ್ಚಿತು. ಸಭೆಗೆ ಬೇಕಾಗುವ ತಾಳ್ಮೆ, ಸಮಯಗಳು ಶಿಕ್ಷಕರನ್ನು ದಣಿಸುತ್ತವೆ. ವರ್ಷವರ್ಷವೂ ಹೊಸ ಮಕ್ಕಳು ಬಂದು ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಗುತ್ತದೆ. ಇಂಥ ಶಾಲೆಗೆ ಅರ್ಜಿ ಹಾಕಬಹುದೆಂಬ ತಿಳಿವಳಿಕೆಯೂ ಎಲ್ಲ ಮನೆಗಳಿಗೆ ಒಂದೇ ಸಮನಾಗಿ ತಲುಪುವುದಿಲ್ಲ. ಹೊಸದಾಗಿ ವಲಸೆ ಬಂದ, ಇಂಗ್ಲಿಷ್ ಸರಿಯಾಗಿ ಬಾರದ ಮನೆಯ ಮಗುವಿಗೆ ಈ ಬಾಗಿಲು ಕಾಣುವಂತೆ ಮಾಡುವುದು ಶಾಲೆಯ ಹೊಣೆ ಎಂದೇ ನಾನು ಭಾವಿಸುತ್ತೇನೆ.

ಕರ್ನಾಟಕದಲ್ಲಿ ಮಕ್ಕಳ ಗ್ರಾಮಸಭೆಗಳು ನಡೆಯತೊಡಗಿ ವರ್ಷಗಳೇ ಕಳೆದಿವೆ, ಅವು ನಮ್ಮ ಹೆಮ್ಮೆ. ಆದರೆ ಅಲ್ಲಿ ಮಕ್ಕಳು ಶೌಚಾಲಯ, ಬಸ್ಸು, ಕುಡಿಯುವ ನೀರಿಗಾಗಿ ಹಿರಿಯರ ಮುಂದೆ ಬೇಡಿಕೆ ಇಡುತ್ತಾರೆ, ಉತ್ತರಕ್ಕಾಗಿ ಮುಂದಿನ ಸಭೆಯವರೆಗೆ ಕಾಯುತ್ತಾರೆ. ಬ್ರೂಕ್‌ಲೈನ್‌ನ ಮಕ್ಕಳು ತಾವೇ ಮತ ಹಾಕಿ, ಆ ತೀರ್ಮಾನದ ಫಲವನ್ನು ಮುಂದಿನ ವಾರವೇ ಉಣ್ಣುತ್ತಾರೆ. ನಮ್ಮ ಸರ್ಕಾರಿ ಪ್ರೌಢಶಾಲೆಯ ಎಂಟನೇ ತರಗತಿಯ ಒಂದೇ ಒಂದು ವಿಭಾಗಕ್ಕೆ ವಾರಕ್ಕೊಂದು ಪೀರಿಯಡ್ ಬಿಟ್ಟುಕೊಟ್ಟು, ತಡವಾಗಿ ಬರುವವರ ವಿಷಯವನ್ನೋ ಕೊಠಡಿಯ ಸ್ವಚ್ಛತೆಯನ್ನೋ ಮಕ್ಕಳೇ ತೀರ್ಮಾನಿಸಲೆಂದು ಒಬ್ಬ ಶಿಕ್ಷಕರು ಒಪ್ಪಿದರೂ ಸಾಕು, ಹೊಸ ಕಟ್ಟಡವಾಗಲಿ ಅನುದಾನವಾಗಲಿ ಇಲ್ಲದೆ ಈ ಕೆಲಸವನ್ನು ಈ ವರ್ಷವೇ ಶುರುಮಾಡಬಹುದು.