ನ್ಯೂಕ್ಲಿಯಸ್ ಅಳೆಯುವ ಮೊದಲು ಸ್ಲೈಡ್ ನೋಡಿ

ಹೆಮಟಾಲಜಿ ಲ್ಯಾಬಿನಲ್ಲಿ ನನ್ನ ಕೆಲಸ ಇದು: ರಕ್ತದ ಸ್ಮಿಯರಿನ (ಗಾಜಿನ ಸ್ಲೈಡಿನ ಮೇಲೆ ತೆಳುವಾಗಿ ಹರಡಿದ ರಕ್ತದ) ಫೋಟೊ ತೆಗೆದು, ಬ್ಲಾಸ್ಟ್ ಕೋಶಗಳ, ಅಂದರೆ ಇನ್ನೂ ಬಲಿಯದ ರಕ್ತಕೋಶಗಳ, ನ್ಯೂಕ್ಲಿಯಸ್ಸನ್ನು ಕಂಪ್ಯೂಟರಿನಲ್ಲಿ ಅಳೆಯುವುದು. ಅಕ್ಯೂಟ್ ಲ್ಯುಕೇಮಿಯಾ (ವೇಗವಾಗಿ ಬೆಳೆಯುವ ರಕ್ತದ ಕ್ಯಾನ್ಸರ್) ಅಂತ ಗೊತ್ತಾದ ಕೂಡಲೇ ಡಾಕ್ಟರು ಕೇಳುವುದು ಒಂದೇ, ಎಎಲ್‌ಎಲ್ಲಾ, ಎಎಂಎಲ್ಲಾ? ಮೊದಲನೆಯದು ಲಿಂಫಾಯ್ಡ್ ಸಾಲಿನ ಕೋಶಗಳ ಲ್ಯುಕೇಮಿಯಾ, ಎರಡನೆಯದು ಮಯಲಾಯ್ಡ್ ಸಾಲಿನದು. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. 1976ರ ಎಫ್‌ಎಬಿ (ಫ್ರೆಂಚ್-ಅಮೆರಿಕನ್-ಬ್ರಿಟಿಷ್) ವರ್ಗೀಕರಣದ ಕಾಲದಲ್ಲಿ ಇದನ್ನು ಮುಖ್ಯವಾಗಿ ಮೈಕ್ರೋಸ್ಕೋಪಿನಲ್ಲಿ ನೋಡಿ, ಕೆಲವು ವಿಶೇಷ ಸ್ಟೇನ್ (ಬಣ್ಣ) ಹಾಕಿ ಹೇಳುತ್ತಿದ್ದರು. ಈಗ ಫ್ಲೋ ಸೈಟೋಮೆಟ್ರಿ (ಕೋಶದ ಗುರುತುಗಳನ್ನು ಯಂತ್ರದಲ್ಲಿ ನೋಡುವ ಪರೀಕ್ಷೆ), ಜೀನ್ ಪರೀಕ್ಷೆ ಎಲ್ಲಾ ಇವೆ. ಆದರೂ ಮೊದಲು ಕೈಗೆ ಬರುವುದು ಸ್ಮಿಯರೇ.

ಕಣ್ಣಿಗೆ ಕಾಣುವುದನ್ನೇ ಕಂಪ್ಯೂಟರ್ ಅಂಕಿಯಾಗಿಸುತ್ತದೆ. ನ್ಯೂಕ್ಲಿಯಸ್ಸಿನ ವಿಸ್ತೀರ್ಣ ಎಷ್ಟು, ಅಂಚು ದುಂಡಗಿದೆಯಾ ಅಥವಾ ಸೀಳಿದೆಯಾ, ಒಳಗಿನ ಕ್ರೊಮ್ಯಾಟಿನ್ (ಡಿಎನ್‌ಎ, ಪ್ರೋಟೀನುಗಳ ಹೆಣಿಗೆ) ನಯವಾಗಿದೆಯಾ ಅಥವಾ ಗಂಟುಗಂಟಾಗಿದೆಯಾ. ಎಎಂಎಲ್‌ನ ಬ್ಲಾಸ್ಟ್ ಆದ ಮಯಲೋಬ್ಲಾಸ್ಟ್ ಸಾಮಾನ್ಯವಾಗಿ ದೊಡ್ಡದು. ಅದರ ಕ್ರೊಮ್ಯಾಟಿನ್ ನಯ, ನ್ಯೂಕ್ಲಿಯಸ್ಸಿನೊಳಗಿನ ಚುಕ್ಕೆಯಂಥ ನ್ಯೂಕ್ಲಿಯೋಲಸ್ ಎದ್ದು ಕಾಣುತ್ತದೆ. ಎಎಲ್‌ಎಲ್‌ನ ಲಿಂಫೋಬ್ಲಾಸ್ಟ್ ಸ್ವಲ್ಪ ಚಿಕ್ಕದು, ನ್ಯೂಕ್ಲಿಯಸ್ಸಿನ ಸುತ್ತ ಸೈಟೋಪ್ಲಾಸಂ (ಕೋಶದ್ರವ) ಕಡಿಮೆ. 'ಸಾಮಾನ್ಯವಾಗಿ' ಅಂತ ಬೇಕೆಂದೇ ಬರೆದಿದ್ದೇನೆ. ಎರಡರ ನಡುವೆ ಬೀಳುವ ಕೋಶಗಳು ದಿನಾ ಸಿಗುತ್ತವೆ.

ಈ ಕೆಲಸ ಮಾಡುತ್ತಾ ನನಗೆ ಖಚಿತವಾದದ್ದು, ಅಂಕಿಯ ಗುಣ ನಿರ್ಧಾರವಾಗುವುದು ಸ್ಲೈಡಿನ ಮೇಲೆ. ಸಾಫ್ಟ್‌ವೇರ್ ಆಮೇಲಿನ ಮಾತು.

ಒಂದೇ ಸ್ಮಿಯರ್ ತೆಗೆದುಕೊಳ್ಳಿ. ರಕ್ತದ ಹನಿ ಇಟ್ಟ ದಪ್ಪ ಭಾಗದಲ್ಲಿ ಕೋಶಗಳು ಮುದುಡಿ, ಚಿಕ್ಕದಾಗಿ, ಕಪ್ಪಗೆ ಕಾಣುತ್ತವೆ. ಸ್ಮಿಯರ್ ತೆಳುವಾಗಿ ಮುಗಿಯುವ ಬಾಲದ ತುದಿಯಲ್ಲಿ ಅವೇ ಕೋಶಗಳು ಚಪ್ಪಟೆಯಾಗಿ ಹರಡಿಕೊಂಡಿರುತ್ತವೆ, ವಿಸ್ತೀರ್ಣ ಜಾಸ್ತಿ ಬರುತ್ತದೆ. ರೋಗಿ ಒಬ್ಬರೇ, ರಕ್ತ ಒಂದೇ, ಅಂಕಿ ಎರಡು. ಅದಕ್ಕೇ ಕೆಂಪು ರಕ್ತಕಣಗಳು ಒಂದರ ಪಕ್ಕ ಒಂದು ಬಿಡಿಬಿಡಿಯಾಗಿ ಕೂತಿರುವ ಜಾಗದಲ್ಲಿ ಮಾತ್ರ ಫೋಟೊ ತೆಗೆಯಬೇಕು.

ಆಮೇಲೆ ಬಣ್ಣ. ನಾವು ಬಳಸುವುದು ಲೀಶ್ಮನ್ ಸ್ಟೇನ್, ಅದರ ಜೊತೆ ಹಾಕುವ ಬಫರ್ ದ್ರಾವಣದ ಪಿಎಚ್ (ಆಮ್ಲ-ಕ್ಷಾರದ ಅಳತೆ) 6.8. ಆಮ್ಲದ ಕಡೆ ಜಾರಿದರೆ ನ್ಯೂಕ್ಲಿಯಸ್ ಪೇಲವ, ಕ್ಷಾರದ ಕಡೆ ಹೋದರೆ ಕಡುನೀಲಿ. ಒಮ್ಮೆ ಹೊಸ ಬಫರ್ ಬಂದ ವಾರ, ಕ್ರೊಮ್ಯಾಟಿನ್ ಟೆಕ್ಸ್‌ಚರಿನ ಅಂಕಿಗಳು ಎಲ್ಲಾ ರೋಗಿಗಳಲ್ಲೂ ಒಂದೇ ಕಡೆಗೆ ವಾಲಿದವು. ಗೊತ್ತಾಗಿದ್ದು ಹೇಗೆ ಅಂದರೆ, ಬ್ಲಾಸ್ಟ್‌ಗಳ ಜೊತೆ ಅದೇ ಸ್ಲೈಡಿನ, ಒಂದು ಬಗೆಯ ಬಿಳಿ ರಕ್ತಕಣಗಳಾದ ಸಾಮಾನ್ಯ ಚಿಕ್ಕ ಲಿಂಫೋಸೈಟ್‌ಗಳನ್ನೂ ಅಳೆಯುವ ರೂಢಿ ಇತ್ತು. ಅವೂ ಬದಲಾಗಿದ್ದವು. ಎಲ್ಲಾ ರೋಗಿಗಳ ಆರೋಗ್ಯವಂತ ಕೋಶಗಳೂ ಒಂದೇ ವಾರದಲ್ಲಿ ಬದಲಾಗಲು ಸಾಧ್ಯವಿಲ್ಲ ಅಲ್ವಾ? ಪಿಎಚ್ ಮೀಟರ್ ಹಿಡಿದು ನೋಡಿದರೆ ಬಫರೇ ಜಾರಿತ್ತು. ಹೊಸಬರು ಯಾರಾದರೂ ಈ ಕೆಲಸಕ್ಕೆ ಬಂದರೆ ನಾನು ಮೊದಲು ಕಲಿಸುವುದು ಇದನ್ನೇ. ಪ್ರತಿ ಸ್ಲೈಡಿನಲ್ಲೂ ನಾಲ್ಕಾರು ಚಿಕ್ಕ ಲಿಂಫೋಸೈಟ್ ಹುಡುಕಿ ಅಳೆಯಿರಿ, ಅದು ನಿಮ್ಮ ತಕ್ಕಡಿಯ ಕಲ್ಲು.

ಚಿತ್ರಗಳಿಂದ ರೋಗ ಗುರುತಿಸಲು ಕಂಪ್ಯೂಟರಿಗೆ ಕಲಿಸುವಾಗಲೂ ಇದೇ ಎಚ್ಚರ ಬೇಕು. ದೆಹಲಿಯ ಏಮ್ಸ್‌ನಲ್ಲಿ ತಯಾರಾಗಿ ಎಲ್ಲರಿಗೂ ಸಿಗುವ ಎಎಲ್‌ಎಲ್ ಕೋಶಗಳ ಸಂಗ್ರಹವಿದೆ. ಅದರಲ್ಲಿ 15,135 ಚಿತ್ರಗಳು, ಆದರೆ ಜನ 118. ಒಬ್ಬರ ಕೋಶಗಳಲ್ಲಿ ಅರ್ಧ ಕಲಿಕೆಗೆ, ಇನ್ನರ್ಧ ಪರೀಕ್ಷೆಗೆ ಹಾಕಿದರೆ ಕಂಪ್ಯೂಟರ್ ರೋಗ ಕಲಿಯುವುದರ ಬದಲು ಆ ಸ್ಲೈಡಿನ ಬಣ್ಣವನ್ನು ನೆನಪಿಟ್ಟುಕೊಳ್ಳುತ್ತದೆ. ಫಲಿತಾಂಶ ಸುಮ್ನೆ ಚೆನ್ನಾಗಿ ಕಾಣುತ್ತದೆ. ಹಂಚುವುದಾದರೆ ರೋಗಿಗಳನ್ನು ಹಂಚಬೇಕು, ಕೋಶಗಳನ್ನಲ್ಲ. ಈ ವಿಷಯದ ಯಾವುದೇ ಲೇಖನ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಇದನ್ನೇ.

ಹಾಗಾದರೆ ಇದರಿಂದ ನಿಜವಾದ ಉಪಯೋಗ ಎಲ್ಲಿ? ನನ್ನ ಪ್ರಕಾರ ಎಪಿಎಲ್‌ನಲ್ಲಿ, ಅಂದರೆ ಎಎಂಎಲ್‌ನ ಒಂದು ಬಗೆಯಾದ ಅಕ್ಯೂಟ್ ಪ್ರೊಮಯಲೋಸೈಟಿಕ್ ಲ್ಯುಕೇಮಿಯಾದಲ್ಲಿ, ಎಫ್‌ಎಬಿಯ ಹಳೆಯ ಹೆಸರು ಎಂ3. ಈ ರೋಗಿಗಳಿಗೆ ಮೊದಲ ದಿನಗಳಲ್ಲೇ ಮೆದುಳಿನಲ್ಲೋ ಶ್ವಾಸಕೋಶದಲ್ಲೋ ರಕ್ತಸ್ರಾವವಾಗಿ ಜೀವ ಹೋಗಬಹುದು. ಅನುಮಾನ ಬಂದ ಕೂಡಲೇ, ಪಿಎಂಎಲ್-ಆರ್‌ಎಆರ್‌ಎ ಜೀನ್ ವರದಿಗೆ (ರೋಗವನ್ನು ಖಚಿತಪಡಿಸುವ ಪರೀಕ್ಷೆಗೆ) ಕಾಯದೆ, ಅಟ್ರಾ (ವಿಟಮಿನ್ ಎ ಬಗೆಯ ಔಷಧ) ಮಾತ್ರೆ ಶುರು ಮಾಡುತ್ತಾರೆ. ಇದರಲ್ಲಿ ಒಂದು ಬಗೆಗೆ ಕಣ್ಣು ಸುಲಭವಾಗಿ ಮೋಸ ಹೋಗುತ್ತದೆ. ಕೋಶದೊಳಗಿನ ಗ್ರಾನ್ಯೂಲ್ (ಸೈಟೋಪ್ಲಾಸಂನ ಪುಟ್ಟ ಕಣ) ತೀರಾ ಸಣ್ಣ, ಸೈಟೋಪ್ಲಾಸಂ ಖಾಲಿ ಅನ್ನಿಸುತ್ತದೆ, ಮಾನೋಸೈಟ್ (ಇನ್ನೊಂದು ಬಗೆಯ ಬಿಳಿ ರಕ್ತಕಣ) ಅಂದುಕೊಂಡು ಮುಂದೆ ಹೋಗಬಹುದು. ಆದರೆ ನ್ಯೂಕ್ಲಿಯಸ್ ಎರಡು ಹೋಳಾಗಿ, ನಡುವೆ ಸೊಂಟ ಹಿಡಿದ ಹಾಗೆ ಇರುತ್ತದೆ. ಆ ಆಕಾರವನ್ನು ಕಂಪ್ಯೂಟರ್ ಚೆನ್ನಾಗಿ ಹಿಡಿಯುತ್ತದೆ, ರಾತ್ರಿ ಎರಡು ಗಂಟೆಗೂ.

ಹಾಗಂತ ಅದು ರೋಗದ ಹೆಸರು ಬರೆಯಬಾರದು. 'ಈ ಸ್ಲೈಡನ್ನು ಈಗಲೇ ನೋಡಿ' ಅಂದರೆ ಸಾಕು. ಸ್ಲೈಡ್ ಸಾಲಿನ ಮುಂದಕ್ಕೆ ಬರುತ್ತದೆ, ಪೆಥಾಲಜಿಸ್ಟ್ ನೋಡುತ್ತಾರೆ, ರಕ್ತ ಹೆಪ್ಪುಗಟ್ಟುವುದನ್ನು ನೋಡುವ ಪಿಟಿ, ಎಪಿಟಿಟಿ, ಫೈಬ್ರಿನೋಜನ್ ಪರೀಕ್ಷೆಗೆ ಕಳಿಸುತ್ತಾರೆ, ವಾರ್ಡಿಗೆ ಫೋನ್ ಹೋಗುತ್ತದೆ. ಗ್ರಾನ್ಯೂಲ್ ತುಂಬಿದ ಮಾಮೂಲಿ ಎಪಿಎಲ್‌ನಲ್ಲಿ ಸಾಮಾನ್ಯವಾಗಿ ಬಿಳಿ ರಕ್ತಕಣಗಳೇ ಕಡಿಮೆ, ಇಡೀ ಸ್ಮಿಯರ್ ಹುಡುಕಿದರೂ ಅಳೆಯಲು ಬೆರಳೆಣಿಕೆಯ ಕೋಶ ಸಿಗುತ್ತವೆ. ಅಂಥ ಸ್ಯಾಂಪಲ್ ಬಂದಾಗ ಬಫಿ ಕೋಟ್ (ರಕ್ತವನ್ನು ತಿರುಗಿಸಿದಾಗ ಬಿಳಿ ರಕ್ತಕಣಗಳು ಸೇರುವ ತೆಳು ಪದರ) ಸ್ಮಿಯರ್ ಮಾಡಿಕೊಳ್ಳಿ.